ಮಂಗ ಬೀಳಿಸಿದ ಮೂರನೇ ಕ್ಲಾಸು

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮಾಡಿದ ಕೆಲಸ ಒಂದೇ, ಸಣ್ಣ ಮಕ್ಕಳಿಗೆ ಕೂಡುವುದು, ಕಳೆಯುವುದು ಕಲಿಸಿದ್ದು. ಈಗ ಹೊಸದಾಗಿ ಟೀಚರಾಗಿ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಮೇಡಂ, ನಿಮ್ಮ ಕಾಲದಲ್ಲಿ ವರ್ಕ್‌ಶೀಟು, ಡಿಜಿಟಲ್ ಆಕ್ಟಿವಿಟಿ ಯಾವ್ದೂ ಇರ್ಲಿಲ್ಲ ಅಲ್ವಾ, ಪಾಪ ಹೇಗ್ ಪಾಠ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಆ 'ಪಾಪ' ಕೇಳಿದರೆ ನನಗೆ ಮೈ ಉರಿಯುತ್ತದೆ. ವರ್ಕ್‌ಶೀಟೂ ಇತ್ತು, ಡಿಜಿಟಲ್ಲೂ ಇತ್ತು. ಎರಡರಿಂದಲೂ ನಾನು ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಯಾವಾಗ ಕೆಲಸ ಕಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿ ಇದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನನ್ನನ್ನು ಹಾಕಿದ್ದು ಜಕ್ಕೂರಿಗೂ ಅಲ್ಲಾಳಸಂದ್ರಕ್ಕೂ ನಡುವಿನ ಒಂದು ಸರ್ಕಾರಿ ಶಾಲೆಗೆ. ನಮ್ಮ ಮನೆ ಯಶವಂತಪುರ. ಹೆಬ್ಬಾಳದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ದ್ರಾಕ್ಷಿ ತೋಟಗಳ ಪಕ್ಕದಲ್ಲಿ ನಡೆದುಕೊಂಡು ಹೋಗುವುದು. ಮಗುವಿನ ಕಣ್ಣೆದುರಿಗೆ ಇರುವ ವಸ್ತುವಿನಿಂದಲೇ ಗಣಿತ ಕಲಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಹೊಸಬಳು, ಹೇಳಿದ್ದನ್ನೆಲ್ಲ ನಂಬುತ್ತಿದ್ದೆ. ನಮ್ಮ ಶಾಲೆಯ ಮಕ್ಕಳ ಕಣ್ಣೆದುರಿಗೆ ಇದ್ದದ್ದು ವಿಮಾನ. ಜಕ್ಕೂರಿನ ಮೈದಾನದಿಂದ ಸಣ್ಣ ವಿಮಾನಗಳು ಏರುವುದು, ಇಳಿಯುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು.

ಸರಿ, ಎರಡನೇ ಕ್ಲಾಸಿನವರನ್ನು ಹೊಂಗೆ ಮರದ ಕೆಳಗೆ ಕೂರಿಸಿದೆ. ವಿಮಾನ ಏರಿದಾಗಲೆಲ್ಲ ಒಂದು ಕಡ್ಡಿ ಇಡಬೇಕು. ಬೆಳಗ್ಗೆಯೆಲ್ಲ ಇದೇ ಪಾಠ. ಮಕ್ಕಳು ಅಷ್ಟು ಶಾಂತವಾಗಿ ಕೂತದ್ದನ್ನು ಆ ಶಾಲೆ ಕಂಡಿರಲಿಲ್ಲ. ಕೊನೆಗೆ ನಾನು ಎದ್ದು ನಿಂತು, ಒಟ್ಟು ಎಷ್ಟು ವಿಮಾನ ಹಾರಿದವು ಎಂದು ಕೇಳಿದೆ. ಕಡ್ಡಿಗಳು ಒಂಬತ್ತು ಇದ್ದವು. ಇಡೀ ಕ್ಲಾಸು ಒಂದೇ ದನಿಯಲ್ಲಿ "ಒಂದು" ಎಂದಿತು.

ಬೈದೆ. ಇನ್ನೊಮ್ಮೆ ಕೇಳಿದೆ. ಮತ್ತೆ "ಒಂದೇ ಮಿಸ್." ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಅವರ ಮೂಗಿನ ಮುಂದೆ ಎಣಿಸಿದೆ. ಮುಂದೆ ಕೂತಿದ್ದ ಒಬ್ಬಳು ನನ್ನ ಕಷ್ಟ ನೋಡಲಾರದೆ ಹೇಳಿದಳು, "ಅದು ಒಂದೇ ಇಮಾನ ಮಿಸ್. ಕಲಿಯೋರು ಅದ್ನೇ ಏರ್ಸಿ ಏರ್ಸಿ ಇಳಿಸ್ತಾರೆ. ಮಿಕ್ಕಿದ್ ಎಲ್ಡು ಶೆಡ್ನಾಗೆ ರಿಪೇರಿಗವೆ."

ಜಕ್ಕೂರಿನ ಮಕ್ಕಳಿಗೆ ತಿಳಿದದ್ದು ಯಶವಂತಪುರದ ಮಿಸ್ಸಿಗೆ ತಿಳಿದಿರಲಿಲ್ಲ. ಆ ಮಕ್ಕಳ ಉತ್ತರ ಸರಿ, ನನ್ನ ಪ್ರಶ್ನೆ ತಪ್ಪು. ಅಂದೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಮ್ಮ ಹೆಡ್ಮಾಸ್ಟರು ರುದ್ರಪ್ಪನವರು. ಬಿಳಿ ಪಂಚೆ, ಕಪ್ಪು ಕೋಟು, ಜೇಬಿನಲ್ಲಿ ಸದಾ ಕೆಂಪು ಪೆನ್ಸಿಲ್ಲು. ಲೆಕ್ಕ ಎಂದರೆ ಅವರಿಗೆ ಮಗ್ಗಿ, ಮಗ್ಗಿ ಎಂದರೆ ಗಂಟಲು. ಅವರು ಕೋಣೆಯಲ್ಲಿ ಕೂತೇ ನಾಲ್ಕು ಕ್ಲಾಸಿನ ಮಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಎಲ್ಲಾದರೂ ಸದ್ದು ನಿಂತರೆ, "ಏನ್ರೀ ಶಾರದಮ್ಮ, ಕ್ಲಾಸ್ ಮಲಗಿಬಿಡ್ತಾ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಮಕ್ಕಳು ಸದ್ದಿಲ್ಲದೆ ಲೆಕ್ಕ ಮಾಡುವುದು ಎಂದರೆ ಅವರ ಪಾಲಿಗೆ ಅನುಮಾನದ ಸಂಗತಿ.

ನನ್ನ ಜೊತೆಯ ಟೀಚರು ಜುಬೇದಾ. ಮನೆ ಹೆಬ್ಬಾಳ, ಮನೆಯಲ್ಲಿ ದಖನಿ ಮಾತು, ಶಾಲೆಯಲ್ಲಿ ನನಗಿಂತ ಚೊಕ್ಕವಾದ ಕನ್ನಡ. ನನಗೆ ಸಿಟ್ಟು ಬಂದಾಗ ಅವಳು ನಗುತ್ತಿದ್ದಳು, ಅದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಹೀಗೇ ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ತಿಂದೆವು.

ವರ್ಕ್‌ಶೀಟು ಶುರುವಾದದ್ದು ಅವಳ ಅಡುಗೆಮನೆಯಲ್ಲಿ. ಒಂದು ತರಬೇತಿಯಲ್ಲಿ ಜೆಲ್ಲಿ ಪ್ಯಾಡು ತೋರಿಸಿದ್ದರು. ತಟ್ಟೆಯಲ್ಲಿ ಜೆಲ್ಲಿ ಹೆಪ್ಪುಗಟ್ಟಿಸುವುದು, ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತುವುದು, ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆದರೆ ಪ್ರತಿಯೊಂದರ ಮೇಲೂ ಅದೇ ಬರಹ. ನಲವತ್ತು ಮಕ್ಕಳಿಗೆ ನಲವತ್ತು ಲೆಕ್ಕದ ಹಾಳೆ. ನನಗೆ ಅದು ಪವಾಡದಂತೆ ಕಂಡಿತು. ಆದರೆ ಜೆಲ್ಲಿ ಎಲ್ಲಿಂದ ತರುವುದು?

"ಅರೆ, ಅದಕ್ಯಾಕ್ರೀ ಚಿಂತೆ? ರಂಜಾನಲ್ಲಿ ನಾವು ತಟ್ಟೇಲಿ ಹೆಪ್ಪುಗಟ್ಟಿಸೋ ಚೈನಾ ಗ್ರಾಸ್ ಸಿಹಿ ಮಾಡಲ್ವಾ? ಅದನ್ನೇ ಸ್ವಲ್ಪ ಗಟ್ಟಿಯಾಗಿ ಮಾಡಿದ್ರಾಯ್ತು" ಎಂದಳು ಜುಬೇದಾ.

ಮಾಡಿ ತಂದಳು. ಚೆನ್ನಾಗಿಯೇ ಹೆಪ್ಪುಗಟ್ಟಿತ್ತು. ಆದರೆ ಕೈ ಅಭ್ಯಾಸದಲ್ಲಿ ಸಕ್ಕರೆ, ಏಲಕ್ಕಿ ಎರಡೂ ಬಿದ್ದಿದ್ದವು. ನಮ್ಮ ಮೊದಲ ಲೆಕ್ಕದ ಹಾಳೆಗಳು ಏಲಕ್ಕಿ ವಾಸನೆ ಹೊಡೆಯುತ್ತಿದ್ದವು. ಮಕ್ಕಳು ಉತ್ತರ ಬರೆಯುವ ಮೊದಲು ಮೂಸಿ ನೋಡಿದರು, ಕೆಲವರು ನೆಕ್ಕಿಯೂ ನೋಡಿದರು. ಆ ಮಧ್ಯಾಹ್ನ ಮೂರನೇ ಕ್ಲಾಸಿನ ಅರ್ಧ ನಾಲಿಗೆಗಳು ನೇರಳೆ. ರಾತ್ರಿ ಕಳೆಯುವಷ್ಟರಲ್ಲಿ ಇರುವೆಗಳಿಗೂ ಸುದ್ದಿ ಮುಟ್ಟಿತ್ತು. ಮರುದಿನದಿಂದ ತಟ್ಟೆಯನ್ನು ನೀರಿನ ಬೋಗುಣಿಯ ನಡುವೆ ಇಡತೊಡಗಿದೆವು, ಮನೆಯಲ್ಲಿ ಬೆಲ್ಲದ ಡಬ್ಬಿ ಇಟ್ಟಂತೆ.

ರುದ್ರಪ್ಪನವರು ತಟ್ಟೆಯನ್ನು ನೋಡಿ, "ಇದರಿಂದ ಲೆಕ್ಕ ಬರುತ್ತೆ ಅಂದ್ರೆ ನಾನು ಒಪ್ಪಲ್ಲ" ಎಂದರು. ಒಪ್ಪದಿದ್ದರೂ ನಾವಿಲ್ಲದಾಗ ಬಂದು ಉಪಯೋಗಿಸಿಕೊಂಡರು. 'ಊಟದ ನಂತರದ ಅವಧಿಯಲ್ಲಿ ತೂಕಡಿಸುವ ಶಿಕ್ಷಕರ ಗಮನಕ್ಕೆ' ಎಂದು ಒಂದು ಜ್ಞಾಪನ ಬರೆದು, ಆರು ಪ್ರತಿ ತೆಗೆದು, ತಟ್ಟೆ ಒರೆಸಿಟ್ಟು ಹೋದರು. ಜೆಲ್ಲಿಯ ಸ್ವಭಾವ ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಒತ್ತಿದ ಶಾಯಿ ಪೂರ್ತಿ ಕೆಳಕ್ಕೆ ಇಳಿಯಬೇಕಾದರೆ ಒಂದೂವರೆ ದಿನವಾದರೂ ಬೇಕು. ಮರುದಿನ ಬೆಳಗ್ಗೆ ನಾನು ಅದೇ ತಟ್ಟೆಯ ಮೇಲೆ ನನ್ನ ಲೆಕ್ಕ ಒತ್ತಿ, ಅವಸರದಲ್ಲಿ ನೋಡದೆ ಹಂಚಿದೆ. ಮಕ್ಕಳು ಮನೆಗೆ ಒಯ್ದ ಹಾಳೆಯಲ್ಲಿ ಏಳು ಕೂಡಿಸು ಐದು, ಅದರ ಕೆಳಗೆ 'ತೂಕಡಿಸುವ ಶಿಕ್ಷಕರ ಗಮನಕ್ಕೆ', ಅದರ ಕೆಳಗೆ ಒಂಬತ್ತು ಕೂಡಿಸು ನಾಲ್ಕು. ಒಬ್ಬ ಜಾಣ ಜ್ಞಾಪನದ ಕ್ರಮಸಂಖ್ಯೆಯನ್ನೂ ಸೇರಿಸಿ ಕೂಡಿದ್ದ. ಅವನ ತಂದೆ ಶಾಲೆಗೆ ಬಂದು, "ಮೇಷ್ಟ್ರೇ, ಲೆಕ್ಕ ಸರಿಯಾಗೈತೆ, ಆದ್ರೆ ಈ ತೂಕಡ್ಸೋರು ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ರುದ್ರಪ್ಪನವರನ್ನೇ ಕೇಳಿದರು. ಆ ಜ್ಞಾಪನ ಮತ್ತೆ ಹೊರಬೀಳಲಿಲ್ಲ.

ಇಷ್ಟೆಲ್ಲ ಆದರೂ ನನಗೆ ಹಾಳೆಯ ಹುಚ್ಚು ಹತ್ತಿತು. ಬೋರ್ಡಿನ ಮೇಲೆ ಲೆಕ್ಕ ಬರೆಯುವುದನ್ನೇ ಬಿಟ್ಟೆ. ದಿನದ ಲೆಕ್ಕ ಹಾಳೆ, ವಾರದ ಪರೀಕ್ಷೆ ಹಾಳೆ, ವರ್ಷದ ಪರೀಕ್ಷೆಗೂ ಹಾಳೆ. ಕೈಯ ಬೆರಳುಗಳು ನೇರಳೆಯಾಗಿರುತ್ತಿದ್ದವು. ಬಸ್ಸಿನಲ್ಲಿ ಕಂಡಕ್ಟರು ಒಮ್ಮೆ, "ಏನ್ ಮೇಡಂ, ನೇರಳೆ ಹಣ್ಣಿನ ವ್ಯಾಪಾರನಾ?" ಎಂದು ಕೇಳಿದ. ನನಗೆ ಹೆಮ್ಮೆಯೇ ಆಯಿತು.

ಎಂಬತ್ತರ ದಶಕದ ನಡುವಿನಲ್ಲಿ ಗೋಪಾಲರಾಯರು ಬಂದರು. ಕಾರ್ಖಾನೆಯೊಂದರಲ್ಲಿ ರೇಡಿಯೊ ವಿಭಾಗದಲ್ಲಿದ್ದು ನಿವೃತ್ತರಾಗಿ, ಆರ್.ಟಿ. ನಗರದಲ್ಲಿ ಮನೆ ಕಟ್ಟಿಕೊಂಡಿದ್ದರು. ನೆಂಟರೊಬ್ಬರು ಸಿಂಗಪುರದಿಂದ ಅವರಿಗೆ ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದರು. ನೋಡಲು ಬರೀ ಒಂದು ಕೀಲಿಮಣೆ. ಅದನ್ನು ಟಿ.ವಿ.ಗೆ ಸಿಕ್ಕಿಸಬೇಕು, ಕ್ಯಾಸೆಟ್ ಪ್ಲೇಯರಿನಿಂದ ಪ್ರೋಗ್ರಾಂ ತುಂಬಬೇಕು. ರಾಯರು ಸ್ವತಃ ಕೂತು ಮೂರನೇ ಕ್ಲಾಸಿನ ಮಕ್ಕಳಿಗೆಂದೇ ಲೆಕ್ಕದ ಆಟ ಬರೆದಿದ್ದರು. ಯಾವ ಶಾಲೆಯೂ ಅವರನ್ನು ಒಳಗೆ ಬಿಟ್ಟಿರಲಿಲ್ಲ. ನಾನು ಬಿಟ್ಟೆ.

ಪ್ರತಿ ಶನಿವಾರ ಸ್ಕೂಟರಿನ ಹಿಂದೆ ಸಣ್ಣ ಕಪ್ಪುಬಿಳುಪು ಟಿ.ವಿ. ಕಟ್ಟಿಕೊಂಡು ಬರುತ್ತಿದ್ದರು. ಕ್ಯಾಸೆಟ್ ಹಾಕಿದರೆ ಏಳು ನಿಮಿಷ ಕಿರ್ರ್ ಎಂಬ ಕಿರುಚಾಟ. ಅಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ರುದ್ರಪ್ಪನವರು ಕಿವಿ ಮುಚ್ಚಿಕೊಂಡು, "ಇದಕ್ಕಿಂತ ನಮ್ ಮಕ್ಕಳ ಮಗ್ಗಿ ಎಷ್ಟೋ ವಾಸಿ ಕಣ್ರೀ" ಎನ್ನುತ್ತಿದ್ದರು.

ಆಟ ಸರಳ. ಪರದೆಯ ಮೇಲೆ ಒಂದು ಲೆಕ್ಕ, ಅದರ ಕೆಳಗೆ ಮೂರು ಉತ್ತರ. ಒಂದು, ಎರಡು, ಮೂರು ಎಂಬ ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಸರಿ ಒತ್ತಿದರೆ ಮೂಲೆಯಲ್ಲಿ ಒಂದು ನಕ್ಷತ್ರ, ಟಿಂಗ್ ಎಂಬ ಸದ್ದು. ತಪ್ಪು ಒತ್ತಿದರೆ ಮರದ ತುದಿಯಲ್ಲಿದ್ದ ಮಂಗ ಡುಂಯ್ ಎಂದು ಕೆಳಗೆ ಜಾರಿ, ಧಬ್ ಎಂದು ಕುಕ್ಕರಿಸಿ, ತಲೆ ಕೆರೆದುಕೊಳ್ಳುತ್ತಿತ್ತು. ಬಾಲ ಮಾತ್ರ ಮರದಲ್ಲೇ ನೇತಾಡುತ್ತಿತ್ತು. ಹತ್ತು ಲೆಕ್ಕ ಮುಗಿದ ಮೇಲೆ ಎಷ್ಟು ಸರಿ ಎಂದು ಪರದೆ ತೋರಿಸುತ್ತಿತ್ತು.

"ತಪ್ಪಾಯ್ತು ಅಂತ ಮಗು ಅಳಬಾರ್ದು ನೋಡಿ ಮೇಡಂ, ಅದಕ್ಕೇ ಮಂಗ ಹಾಕಿದೀನಿ" ಎಂದು ರಾಯರು ವಿವರಿಸಿದರು. ನಾನು ಮೆಚ್ಚಿಕೊಂಡೆ.

ಮೊದಲ ಶನಿವಾರ ಮಕ್ಕಳಿಗೆ ಏಳು, ಎಂಟು ಬಂತು. ಎರಡನೆಯ ಶನಿವಾರ ಐದು. ಮೂರನೆಯದಕ್ಕೆ ಮೂರು, ಎರಡು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದಂತೆ ಇಡೀ ಕ್ಲಾಸಿನ ಬುದ್ಧಿ ನನ್ನ ಕಣ್ಣೆದುರಿಗೇ ಇಳಿಯುತ್ತಿತ್ತು. ಮನೆಯಲ್ಲಿ ಎಂಟರ ಮಗ್ಗಿ ಹೇಳುವ ನಾಗರಾಜನಿಗೆ ಎರಡು ಕೂಡಿಸು ಮೂರು ತಪ್ಪುತ್ತಿತ್ತು. ರಾಯರ ಮುಖ ಬಾಡಿಹೋಯಿತು. ಅವರು ವೈರು ಬಿಚ್ಚಿ ನೋಡಿದರು, ಪ್ರೋಗ್ರಾಂ ಮತ್ತೆ ಓದಿದರು. ಆಮೇಲೆ ಆಯುಧಪೂಜೆಗೆ ರುದ್ರಪ್ಪನವರು ಕೀಲಿಮಣೆಗೆ ಅರಿಶಿನ ಕುಂಕುಮ ಹಚ್ಚಿಸಿದ್ದು ನೆನಪಾಗಿ, ಕೀಲಿಗಳನ್ನು ಒಂದೊಂದಾಗಿ ಕಿತ್ತು ತೊಳೆದರು. ಚಮಚದಷ್ಟು ಕುಂಕುಮ ಹೊರಬಂತು. ನಮಗೆಲ್ಲ ಸಮಾಧಾನವಾಯಿತು, ಕಾರಣ ಸಿಕ್ಕಿತೆಂದು. ಮುಂದಿನ ಶನಿವಾರ ಅಂಕ ಇನ್ನೂ ಕೆಳಗಿಳಿಯಿತು.

ಎಲ್ಲರಿಗಿಂತ ಕೆಳಗೆ ಮುನಿರತ್ನ. ಐದು ಶನಿವಾರ ಆಡಿದ್ದಳು, ಐದಕ್ಕೆ ಐದು ಸಲವೂ ಸೊನ್ನೆ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಕೆರೆ ಪಕ್ಕ ಸೊಪ್ಪು ಬೆಳೆಯುವವರ ಮನೆಯ ಹುಡುಗಿ, ಬೆಳಗ್ಗೆ ಸೊಪ್ಪು ಕಿತ್ತು ಕಟ್ಟಿಟ್ಟು ತಡವಾಗಿ ಬರುತ್ತಿದ್ದಳು, ತಡವಾಗಿ ಬಂದವರು ಹಿಂದೆ ಕೂರಬೇಕು. ಹಿಂದಿನ ವರ್ಷ ನನ್ನ ಕ್ಲಾಸಿನಲ್ಲೇ ಲೆಕ್ಕದಲ್ಲಿ ನಪಾಸಾಗಿ ಮೂರನೇ ಕ್ಲಾಸಿನಲ್ಲಿ ಉಳಿದಿದ್ದಳು. ಉಳಿದದ್ದರಿಂದ ಎಲ್ಲರಿಗಿಂತ ಎತ್ತರ, ಎತ್ತರದವರೂ ಹಿಂದೆಯೇ ಕೂರಬೇಕು. ಕನ್ನಡ ಪುಸ್ತಕ ಸರಾಗವಾಗಿ ಓದುತ್ತಿದ್ದಳು, ಲೆಕ್ಕದ ಹಾಳೆ ಮಾತ್ರ ಕೊಟ್ಟ ಹಾಗೇ ಖಾಲಿ ವಾಪಸ್ಸು. ದಡ್ಡಿ ಎಂದು ನಾನು ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಅವಳ ತಾಯಿ ಯಲ್ಲಮ್ಮ ಒಂದು ದಿನ ಸೊಪ್ಪಿನ ಬುಟ್ಟಿ ಹೊತ್ತುಕೊಂಡೇ ಬಂದರು. "ಮಿಸ್ಸಮ್ಮೋರೆ, ನಿಜ ಏಳಿ. ಈ ಮಗೀಗೆ ಇದ್ಯೆ ಅತ್ತುತ್ತಾ, ಇಲ್ವಾ? ಈ ಸಲಾನೂ ನಪಾಸಾದ್ರೆ ಬಿಡಿಸ್ಬಿಡ್ತೀನಿ. ನನ್ ಜೊತೆ ತ್ವಾಟ್ದಾಗಾದ್ರೂ ಇರ್ಲಿ. ಇಲ್ಲಿ ಸುಮ್ನೆ ಕೂತು ಎಲ್ರ ಕೈಲಿ ದಡ್ಡಿ ಅನ್ನಿಸ್ಕಳಾದ್ ಯಾಕೆ?"

"ನೋಡೋಣ ಯಲ್ಲಮ್ಮ" ಎಂದೆ. ಟೀಚರುಗಳು ನೋಡೋಣ ಎಂದರೆ ಏನರ್ಥ ಎಂಬುದು ತಾಯಂದಿರಿಗೆ ಗೊತ್ತಿರುತ್ತದೆ. ಅವರು ಬುಟ್ಟಿ ಎತ್ತಿಕೊಂಡು ಹೋದರು. ಬಾಗಿಲ ಪಕ್ಕ ನಿಂತಿದ್ದ ಮುನಿರತ್ನ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಇದಾದ ಹದಿನೈದು ದಿನಕ್ಕೆ ಶಿಕ್ಷಣಾಧಿಕಾರಿಗಳ ಭೇಟಿ. ಕಂಪ್ಯೂಟರ್ ಇರುವ ಸರ್ಕಾರಿ ಶಾಲೆ ಎಂದು ಯಾರೋ ಹೇಳಿದ್ದರಂತೆ. ಅಷ್ಟು ದಿನ ಯಂತ್ರವನ್ನು ಬೈಯುತ್ತಿದ್ದ ರುದ್ರಪ್ಪನವರು ಹಿಂದಿನ ದಿನವೇ ರಾಯರಿಂದ ಅದನ್ನು ತರಿಸಿ, ಜೋಡಿಸಿಟ್ಟು, ಮಲ್ಲಿಗೆ ಹಾರ ಹಾಕಿಸಿದರು. ನಾಗರಾಜನನ್ನು ಮುಂದೆ ಕೂರಿಸಿ, "ಮಗಾ, ಇವತ್ತು ಒಂದೂ ತಪ್ಪಬಾರ್ದು, ಗೊತ್ತಾಯ್ತಾ?" ಎಂದು ಕೆನ್ನೆ ತಟ್ಟಿದರು. ಆದರೆ ಅಧಿಕಾರಿಗಳು ಹಳೆಯ ಹುಲಿ. ಮುಂದೆ ಕೂರಿಸಿದವರನ್ನು ಅವರು ಯಾವ ಶಾಲೆಯಲ್ಲೂ ಕೇಳಿದವರಲ್ಲ. ಕತ್ತು ನೀಡಿ ಹಿಂದೆ ನೋಡಿ, "ಆ ಉದ್ದ ಹುಡುಗಿ, ಬಾಮ್ಮ" ಎಂದರು.

ಮುನಿರತ್ನ ಬಂದಳು. ಮೊದಲ ಲೆಕ್ಕ, ಮಂಗ ಬಿತ್ತು. ಎರಡನೆಯದು, ಮಂಗ ಬಿತ್ತು. ಅವಳ ಕೈ ಎಲ್ಲೂ ತಡವರಿಸಲಿಲ್ಲ, ಒಂದಾದ ಮೇಲೊಂದರಂತೆ ಒತ್ತಿದಳು, ಹತ್ತು ಸಲವೂ ಮಂಗ ಬಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಸುರಿಸಿದರು. ರುದ್ರಪ್ಪನವರ ಕಣ್ಣಲ್ಲೂ ನೀರಿತ್ತು, ಕಾರಣ ಬೇರೆ. ಅಧಿಕಾರಿಗಳು ಭೇಟಿ ಪುಸ್ತಕ ತರಿಸಿ, 'ಇಂತಹ ಮಕ್ಕಳನ್ನು ಇನ್ನೊಂದು ವರ್ಷ ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವುದು ಸೂಕ್ತ' ಎಂದು ದಪ್ಪ ಅಕ್ಷರದಲ್ಲಿ ಬರೆದರು. ನಾನು ತಲೆ ತಗ್ಗಿಸಿ ನಿಂತೆ. ಯಲ್ಲಮ್ಮನಿಗೆ ನಾನು ಹೇಳಬೇಕಾದ ಉತ್ತರ ಪುಸ್ತಕದಲ್ಲಿ ದಾಖಲಾಗಿತ್ತು.

ಮಕ್ಕಳನ್ನು ಆಟಕ್ಕೆ ಬಿಟ್ಟೆವು. ರುದ್ರಪ್ಪನವರು ಉಪ್ಪಿಟ್ಟಿನ ಏರ್ಪಾಡು ನೋಡಲು ಹೋದರು. ಅಧಿಕಾರಿಗಳು ಯಂತ್ರದ ಮುಂದೆ ಒಬ್ಬರೇ ಕೂತರು. ನಾನೂ ಜುಬೇದಾಳೂ ಪಡಸಾಲೆಯ ಕಿಟಕಿಯ ಹತ್ತಿರ ನಿಂತಿದ್ದೆವು. ಒಳಗಿನಿಂದ ಟಿಂಗ್ ಎಂದಿತು. ಸರಿ, ಸಾಹೇಬರಿಗೆ ಲೆಕ್ಕ ಬರುತ್ತದೆ. ಆಮೇಲೆ ಡುಂಯ್, ಧಬ್. ಕೈತಪ್ಪಿ ಒತ್ತಿದ್ದಿರಬೇಕು. ಹಿಂದೆಯೇ ಒಂದು ಸಣ್ಣ ನಗು ಕೇಳಿಸಿತು. ಮತ್ತೆ ಡುಂಯ್. ಮತ್ತೆ ಧಬ್. ನಾನು ಇಣುಕಿ ನೋಡಿದೆ. ಇಡೀ ತಾಲ್ಲೂಕನ್ನು ನಡುಗಿಸುವ ಮನುಷ್ಯ ಕುರ್ಚಿಯ ತುದಿಗೆ ಬಂದು ಕೂತು, ಬಾಯಿ ಅಗಲ ಮಾಡಿಕೊಂಡು, ಬೇಕೆಂದೇ ತಪ್ಪು ಗುಂಡಿ ಹುಡುಕಿ ಒತ್ತುತ್ತಿದ್ದರು.

ಜುಬೇದಾ ನನ್ನ ಕೈ ಹಿಡಿದಳು. "ಶಾರದಾ, ಸಾಹೇಬ್ರನ್ನೂ ಇನ್ನೊಂದ್ ವರ್ಷ ಮೂರನೇ ಕ್ಲಾಸಲ್ಲೇ ಉಳಿಸ್ಕೋಬೇಕಾ?"

ನಾನು ನಕ್ಕೆ. ಅವಳು ನಗಲಿಲ್ಲ. "ನಿಮ್ ನೋಟ್‌ಬುಕ್ ತೆಗೀರಿ. ಆ ಹುಡುಗಿಗೆ ಐದು ಶನಿವಾರ ಸೊನ್ನೆ ಅಲ್ವಾ? ಮೂರು ಗುಂಡಿ ಇದೆ. ಕಣ್ಣು ಮುಚ್ಕೊಂಡು ಒತ್ತಿದ್ರೂ ಹತ್ತರಲ್ಲಿ ಮೂರೋ ನಾಕೋ ಸರಿ ಬರ್ಬೇಕು. ಐವತ್ತು ಲೆಕ್ಕದಲ್ಲಿ ಒಂದೂ ಸರಿ ಬರ್ದೇ ಇರ್ಬೇಕು ಅಂದ್ರೆ, ಅವಳಿಗೆ ಐವತ್ತೂ ಗೊತ್ತಿರ್ಬೇಕು ಕಣ್ರೀ."

ಕಡಲೆಕಾಯಿ ಬಿಡಿಸಿ ಕೈಗಿಟ್ಟಷ್ಟು ಸುಲಭವಾಗಿ ಹೇಳಿದಳು. ನಾನು ಗಣಿತದ ಟೀಚರು. ನನಗೆ ಹೊಳೆದಿರಲಿಲ್ಲ. ದಡ್ಡಿ ಎಂದು ಮೊದಲೇ ಬರೆದಿಟ್ಟುಕೊಂಡವಳಿಗೆ ಸೊನ್ನೆ ಕಂಡರೆ ಸೊನ್ನೆಯೇ ಕಾಣುತ್ತದೆ.

ಸಂಜೆಯೇ ರಾಯರ ಮನೆಗೆ ಹೋದೆ. ಜುಬೇದಾ ಹೇಳಿದ್ದನ್ನು ಕೇಳಿ ಅವರು ಪ್ರೋಗ್ರಾಂ ಬರೆದಿಟ್ಟ ಪುಸ್ತಕ ಎಳೆದುಕೊಂಡರು. "ಅಂದ್ರೆ ನನ್ ಪ್ರೋಗ್ರಾಂ ಸರಿಯಾಗಿದೆ, ಮಂಗ ಇರೋ ಜಾಗ ತಪ್ಪು" ಎಂದರು. ಮುಂದಿನ ಶನಿವಾರದ ಹೊತ್ತಿಗೆ ಮಂಗವನ್ನು ಸರಿ ಉತ್ತರದ ಕಡೆಗೆ ವರ್ಗ ಮಾಡಿದ್ದರು. ತಪ್ಪಾದರೆ ಇನ್ನು ಮೇಲೆ ಬರೀ ಒಂದು ಗೀಟು.

ರುದ್ರಪ್ಪನವರು ಎದುರಿಗಿರಬೇಕೆಂದು ನಾನೇ ಹಟ ಹಿಡಿದೆ. ಮಕ್ಕಳಿಗೆ ಏನೂ ಹೇಳಲಿಲ್ಲ. ಮುನಿರತ್ನ ಕೂತು ಮೊದಲ ಗುಂಡಿ ಒತ್ತಿದಳು. ಮಂಗ ಬೀಳಲಿಲ್ಲ. ಪರದೆಯನ್ನು ದಿಟ್ಟಿಸಿದಳು. ನನ್ನ ಮುಖ ನೋಡಿದಳು. ಎರಡನೆಯ ಲೆಕ್ಕಕ್ಕೆ ಬೇರೆ ಗುಂಡಿ. ಮಂಗ ಧಬ್ಬೆಂದು ಬಿತ್ತು. ಆಮೇಲೆ ಒಂದೂ ತಪ್ಪಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ರುದ್ರಪ್ಪನವರು, "ನೋಡಿ, ಮತ್ತೆ ಬೀಳ್ತಾನೇ ಇದೆ. ನಾನ್ ಹೇಳಿರ್ಲಿಲ್ವಾ?" ಎನ್ನುತ್ತಿದ್ದರು. ಪರದೆಯ ಮೇಲೆ ಹತ್ತಕ್ಕೆ ಒಂಬತ್ತು ಎಂದು ಬಂತು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಆ ಮಧ್ಯಾಹ್ನ ಭೇಟಿ ಪುಸ್ತಕದಲ್ಲಿ ಅಧಿಕಾರಿಗಳ ಬರಹದ ಕೆಳಗೆ ಅವರು ಕೆಂಪು ಪೆನ್ಸಿಲ್ಲಿನಲ್ಲಿ ಹೀಗೆ ಬರೆದರು: 'ಮರುಪರೀಕ್ಷೆ ಮಾಡಲಾಯಿತು. ಮಂಗವನ್ನು ಸರಿಪಡಿಸಲಾಗಿದೆ.'

ಎಲ್ಲರೂ ನಕ್ಕು ಹಗುರಾದರು. ನನಗೆ ಮಾತ್ರ ಒಂದು ಪ್ರಶ್ನೆ ಉಳಿದುಕೊಂಡಿತು. ಇಷ್ಟು ಲೆಕ್ಕ ಬರುವ ಹುಡುಗಿ ಹಾಳೆಯನ್ನು ಯಾಕೆ ಖಾಲಿ ಕೊಡುತ್ತಿದ್ದಳು? ಹಾಳೆಯಲ್ಲಿ ಮಂಗ ಇರಲಿಲ್ಲವಲ್ಲ.

ಬೀರುವಿನಿಂದ ಹಳೆಯ ಹಾಳೆಗಳ ಕಟ್ಟು ತೆಗೆದೆ. ಅವಳ ಹೆಸರಿದ್ದ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಅವಳು ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಕಾಣುತ್ತಿತ್ತು. ನಾನು ಬರೆದ ಲೆಕ್ಕ ಕಾಣುತ್ತಿರಲಿಲ್ಲ. ಜೆಲ್ಲಿಯಿಂದ ಇಪ್ಪತ್ತೈದು, ಮೂವತ್ತು ಪ್ರತಿ ಚೆನ್ನಾಗಿ ಬರುತ್ತದೆ. ಆಮೇಲೆ ಶಾಯಿ ತೆಳುವಾಗುತ್ತಾ ಹೋಗಿ, ನಲವತ್ತನೆಯ ಹಾಳೆಯಲ್ಲಿ ಉಳಿಯುವುದು ಒಂದು ನೇರಳೆ ನೆರಳು. ನಾನು ಹಾಳೆಗಳನ್ನು ಒತ್ತಿ ತೆಗೆದ ಕ್ರಮದಲ್ಲೇ ಹಂಚುತ್ತಿದ್ದೆ, ಮುಂದಿನ ಸಾಲಿನಿಂದ ಹಿಂದಕ್ಕೆ. ಕೊನೆಯ ಹಾಳೆ ಯಾವಾಗಲೂ ಕೊನೆಯ ಹುಡುಗಿಗೆ. ಎರಡು ವರ್ಷ ಅವಳ ಕೈಗೆ ನಾನು ಕೊಟ್ಟದ್ದು ಖಾಲಿ ಕಾಗದ, ಅದನ್ನು ಖಾಲಿ ವಾಪಸ್ಸು ಕೊಟ್ಟಳೆಂದು ಹಾಕಿದ್ದು ಸೊನ್ನೆ.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಇದು ಕಾಣ್ಸಲ್ಲ ಅಂತ ಯಾಕಮ್ಮ ಹೇಳ್ಲಿಲ್ಲ?"

ಹುಡುಗಿ ಹೆದರಿದಳು, ಮತ್ತೇನೋ ತಪ್ಪಾಯಿತೆಂದು. "ನೀವ್ ಕೊಡಾದೇ ಅಂಗೆ ಅನ್ಕಂಡಿದ್ದೆ ಮಿಸ್. ಎಲ್ರುದೂ ಅಂಗೇ ಐತೆ, ಅವ್ರಿಗೆ ಮಾತ್ರ ಕಾಣುಸ್ತೈತೆ, ನಂಗೆ ಕಾಣಾಕಿಲ್ಲ ಅನ್ಕಂಡಿದ್ದೆ."

ನನಗೆ ಅಳು ಬಂತು. ಮಕ್ಕಳ ಮುಂದೆ ಅಳಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಅದನ್ನೂ ಪಾಲಿಸಲು ಆಗಲಿಲ್ಲ. ಅವಳು ಪಾಪ ಮೇಜಿನ ಮೇಲಿದ್ದ ಹಾಳೆಗಳನ್ನು ಜೋಡಿಸಿ ಕಟ್ಟತೊಡಗಿದಳು, ಸೊಪ್ಪು ಕಟ್ಟುವ ಅಚ್ಚುಕಟ್ಟಿನಿಂದ.

ವರ್ಷದ ಪರೀಕ್ಷೆಗೆ ನಾನು ಲೆಕ್ಕಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಹಿಂದಿನ ಗೋಡೆಯ ತನಕ ಹೋಗಿ ನಿಂತು ಕಾಣುತ್ತದೆಯೇ ಎಂದು ನೋಡಿದೆ. ಮುನಿರತ್ನ ಎರಡು ಲೆಕ್ಕ ತಪ್ಪು ಮಾಡಿದಳು, ಉಳಿದವೆಲ್ಲ ಸರಿ. ಆ ಎರಡು ತಪ್ಪನ್ನು ಕಂಡು ನನಗಾದಷ್ಟು ಸಂತೋಷ ನಾಗರಾಜನ ನೂರಕ್ಕೆ ನೂರು ಕಂಡೂ ಆಗಲಿಲ್ಲ. ಅವು ನಿಜವಾದ ತಪ್ಪುಗಳು, ತಿದ್ದಬಹುದಾದವು.

ಫಲಿತಾಂಶ ಹಚ್ಚುವ ಮೊದಲೇ ಅಲ್ಲಾಳಸಂದ್ರದ ಕೆರೆ ಕಡೆ ನಡೆದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡೆ. ಟೀಚರಾದವಳು ಒಬ್ಬ ತಾಯಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಯಲ್ಲಮ್ಮ ಬದುವಿನ ಮೇಲೆ ಕೂತು ದಂಟು ಕಟ್ಟುತ್ತಿದ್ದರು. ಅಭ್ಯಾಸ ಮಾಡಿಕೊಂಡದ್ದೆಲ್ಲ ಮರೆತುಹೋಯಿತು.

"ಯಲ್ಲಮ್ಮ, ನಿಮ್ಮ ಮಗಳು ದಡ್ಡಿ ಅಲ್ಲ. ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಹೋದ ವರ್ಷಾನೂ ಬರ್ತಿತ್ತು. ನಾನ್ ಕೊಟ್ಟ ಹಾಳೇಲಿ ಅಕ್ಷರಾನೇ ಇರ್ಲಿಲ್ಲ. ನಾನು ನೋಡ್ಲಿಲ್ಲ. ತಪ್ಪು ನನ್ನದು."

ಅವರು ಬಾಳೆನಾರು ಸುತ್ತಿ ಗಂಟು ಹಾಕಿ, ಕಟ್ಟನ್ನು ಪಕ್ಕಕ್ಕೆ ಇಟ್ಟರು. "ಅಂಗಾದ್ರೆ ಓದ್ ವರ್ಸ ನಪಾಸಾಗಿದ್ದು ನೀವು."

"ಹೌದು."

"ಈ ವರ್ಸ?"

"ಈ ವರ್ಷ ಅವಳು ಪಾಸು."

"ಅವ್ಳುದ್ ಬಿಡಿ, ತಿಳೀತು. ನಾ ಕೇಳಿದ್ದು ನಿಮ್ದು."

ಯಲ್ಲಮ್ಮ ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಮಗುವಿನ ಹಾಳೆ ನೋಡಿ ಅಂಕ ಹಾಕುವ ಮೊದಲು ನಾವು ಟೀಚರುಗಳು ನೋಡುತ್ತೇವಲ್ಲ, ಹಾಗೆ ನೋಡಿದರು. "ಓಗ್ಲಿ, ಒಪ್ಕಂಡ್ರಲ್ಲ. ಬಿಡ್ಸಾಕಿಲ್ಲ ಅವ್ಳ್ನ. ನೀವೂ ಅವ್ಳ್ ಜೊತೆ ನಾಕ್ನೇ ಕ್ಲಾಸ್ಗೆ ಓಗಿ" ಎಂದರು.

ಜೂನ್ ತಿಂಗಳಲ್ಲಿ ನಾನು ರುದ್ರಪ್ಪನವರನ್ನು ಕೇಳಿ ನಾಲ್ಕನೇ ಕ್ಲಾಸು ತೆಗೆದುಕೊಂಡೆ. ಮ್ಯಾನೇಜ್ ಮಾಡ್ತೀರಾ ಎಂದು ಅವರು ಕೇಳಿದರು, ಪಾಸಾಗಿದ್ದೇನೆ ಸಾರ್ ಎಂದೆ, ಅವರಿಗೆ ಅರ್ಥವಾಗಲಿಲ್ಲ. ಮೊದಲ ದಿನ ಒಳಗೆ ಕಾಲಿಟ್ಟಾಗ ಎಲ್ಲರಿಗಿಂತ ಉದ್ದದ ಹುಡುಗಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ನಾನು ಕೂರಿಸಿರಲಿಲ್ಲ, ಅವಳೇ ಬಂದು ಕೂತಿದ್ದಳು. ಹಿಂದೆ ಕೂತವರು ಬೋರ್ಡು ಕಾಣಿಸುವುದಿಲ್ಲ ಎಂದು ದೂರು ಹೇಳಿದರು. ನಾನು ಬೋರ್ಡನ್ನು ಒಂದು ಮೊಳ ಮೇಲಕ್ಕೆ ಹಾಕಿಸಿದೆ.